ಕ್ಯಾಂಪಸ್‌ಗೆ ಸೌರ ವಿದ್ಯುತ್: ಬ್ಯಾಟರಿಯ ಲೆಕ್ಕ ಕೊನೆಗಿರಲಿ

ಬಯಲುಸೀಮೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆಡಳಿತ ಮಂಡಳಿಯ ಸದಸ್ಯರು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಸೌರ ವಿದ್ಯುತ್ ಅಳವಡಿಸಲು ಹೊರಟ ಕಾಲೇಜುಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಂದ ಶುರು ಮಾಡುತ್ತವೆ. ನಮ್ಮ ತಾರಸಿಯ ಮೇಲೆ ಎಷ್ಟು ಕಿಲೋವ್ಯಾಟ್ ಕೂರುತ್ತದೆ? ಅದಕ್ಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು? ಎರಡೂ ಬೇಕಾದ ಪ್ರಶ್ನೆಗಳೇ, ಆದರೆ ಅವು ಮೊದಲು ಕೇಳಬೇಕಾದವಲ್ಲ. ನಿಮ್ಮ ಕ್ಯಾಂಪಸ್ಸು ಯಾವ ಗಂಟೆಯಲ್ಲಿ ಎಷ್ಟು ವಿದ್ಯುತ್ ಬಳಸುತ್ತದೆ, ಅದರಲ್ಲಿ ಯಾವುದನ್ನು ಬಿಸಿಲಿನ ಹೊತ್ತಿಗೆ ಸರಿಸಬಹುದು, ಕರೆಂಟ್ ಹೋದಾಗ ಯಾವುದು ಮಾತ್ರ ನಿಲ್ಲಬಾರದು ಎಂಬುದು ಮೊದಲು ಗೊತ್ತಾಗಬೇಕು. ಇಡೀ ವ್ಯವಸ್ಥೆಯಲ್ಲಿ ಬೇಗ ಸವೆಯುವ, ಯೂನಿಟ್ ಲೆಕ್ಕದಲ್ಲಿ ಅತಿ ದುಬಾರಿಯಾದ ಭಾಗ ಬ್ಯಾಟರಿ. ಅದರ ಗಾತ್ರವನ್ನು ಎಲ್ಲ ಮುಗಿದ ಮೇಲೆ, ಬೇರೆ ದಾರಿಯೇ ಇಲ್ಲದೆ ಉಳಿದ ಅಗತ್ಯಕ್ಕೆ ತಕ್ಕಂತೆ ನಿರ್ಧರಿಸಬೇಕು. ಇಂದು ನಾನು ವಾದಿಸಲು ಬಂದಿರುವುದು ಇದೊಂದನ್ನೇ.

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ತಾರಸಿಯ ಮೇಲೆ ಪ್ಯಾನೆಲ್ ಇದ್ದರೆ ಕರೆಂಟ್ ಹೋದಾಗ ನಮಗೆ ತೊಂದರೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಗ್ರಿಡ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ರಕ್ಷಣೆ. ಲೈನ್‌ಮನ್ ಕಂಬ ಹತ್ತಿ ದುರಸ್ತಿ ಮಾಡುತ್ತಿರುವಾಗ ನಿಮ್ಮ ತಾರಸಿಯಿಂದ ವಿದ್ಯುತ್ ಹರಿದರೆ ಅವನ ಜೀವ ಹೋಗುತ್ತದೆ. ಹಾಗಾಗಿ ಮಟಮಟ ಮಧ್ಯಾಹ್ನ, ತಲೆಯ ಮೇಲೆ ಇನ್ನೂರು ಕಿಲೋವ್ಯಾಟ್ ಪ್ಯಾನೆಲ್ ಇರುವಾಗಲೂ ತರಗತಿ ಕತ್ತಲಾಗಬಹುದು. ಗ್ರಿಡ್‌ನಿಂದ ಪೂರ್ತಿ ಬೇರ್ಪಟ್ಟು, ಕ್ಯಾಂಪಸ್ಸಿನೊಳಗೆ ತಾನೇ ವೋಲ್ಟೇಜು ಮತ್ತು ಆವರ್ತನವನ್ನು ಹಿಡಿದು ನಿಲ್ಲಬಲ್ಲ ಇನ್ವರ್ಟರ್ ಇದ್ದು, ಅದರ ಹಿಂದೆ ಬ್ಯಾಟರಿ ಇದ್ದರೆ ಮಾತ್ರ ಪ್ಯಾನೆಲ್‌ಗಳು ಆಗಲೂ ದುಡಿಯುತ್ತವೆ.

ಇನ್ನೊಂದು ತುದಿಯಲ್ಲಿ, ಬ್ಯಾಟರಿ ಇಲ್ಲದೆ ಸೌರ ವಿದ್ಯುತ್ ವ್ಯರ್ಥ ಎಂಬ ನಂಬಿಕೆಯೂ ಇದೆ. ಕೊಚ್ಚಿ ವಿಮಾನ ನಿಲ್ದಾಣ 2015ರ ಆಗಸ್ಟ್‌ನಲ್ಲಿ 12 ಮೆಗಾವ್ಯಾಟ್ ಸೌರ ಸ್ಥಾವರ ಹಾಕಿಕೊಂಡು, ಪೂರ್ತಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆಂದು ಹೆಸರಾಯಿತು. ಅಲ್ಲಿ ರಾತ್ರಿ ಬೆಳಗುವುದು ಬ್ಯಾಟರಿಯಿಂದಲ್ಲ. ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ರಾತ್ರಿ ವಾಪಸು ಪಡೆಯುವ ಲೆಕ್ಕದಿಂದ ಅದು ನಡೆಯುತ್ತದೆ. ಗ್ರಿಡ್ ಹತ್ತಿರದಲ್ಲಿರುವ ಸಂಸ್ಥೆಗೆ ಗ್ರಿಡ್ಡೇ ದೊಡ್ಡ ಆಸರೆ. ಅದನ್ನು ಬಿಟ್ಟು ಸಂಪೂರ್ಣ ಸ್ವತಂತ್ರರಾಗುತ್ತೇವೆ ಎಂದು ಹೊರಟ ಕಾಲೇಜು, ಆಷಾಢದ ಒಂದು ವಾರದ ಮೋಡಕ್ಕಾಗಿ ವರ್ಷವಿಡೀ ಖಾಲಿ ಕೂರುವ ಬ್ಯಾಟರಿಗೆ ಹಣ ಸುರಿಯಬೇಕಾಗುತ್ತದೆ. ಆ ಹಣ ಪ್ರಯೋಗಾಲಯಕ್ಕೆ, ಗ್ರಂಥಾಲಯಕ್ಕೆ ಹೋಗಬೇಕಾದದ್ದು.

ಈಗ ಒಂದು ಕ್ಯಾಂಪಸ್ಸನ್ನು ಊಹಿಸಿಕೊಳ್ಳೋಣ. ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು, ಆದರೆ ನಮ್ಮ ಜಿಲ್ಲೆಗಳ ಹಲವು ಕಾಲೇಜುಗಳಿಗೆ ಹತ್ತಿರವಾದದ್ದು. ಸಾವಿರದೈನೂರು ವಿದ್ಯಾರ್ಥಿಗಳು, ಅವರಲ್ಲಿ ಐನೂರು ಜನ ಹಾಸ್ಟೆಲಿನವರು. ನೀರೆಲ್ಲ ಕೊಳವೆ ಬಾವಿಯದು. ಹೈಟೆನ್ಷನ್ ಸಂಪರ್ಕ, ಒಪ್ಪಂದದ ಬೇಡಿಕೆ, ಅಂದರೆ ಒಮ್ಮೆಗೆ ಎಳೆಯಲು ಒಪ್ಪಿಗೆಯಿರುವ ಗರಿಷ್ಠ ಹೊರೆ, 200 ಕೆವಿಎ. ಕೆಲಸದ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಸುಮಾರು 150 ಕಿಲೋವ್ಯಾಟ್ ಹೊರೆ, ಊಟದ ಗಂಟೆಯಲ್ಲಿ ಮಾತ್ರ ಅದು 110ಕ್ಕೆ ಇಳಿಯುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಹಾಸ್ಟೆಲಿನದೇ ಆಟ, 75 ಕಿಲೋವ್ಯಾಟ್. ಮಧ್ಯರಾತ್ರಿಯ ನಂತರ 25. ಬೆಳಗಿನ ಐದಕ್ಕೆ ಮೆಸ್ಸಿನ ಗ್ರೈಂಡರು, ನೀರಿನ ಪಂಪು, ಗೀಸರು ಎಲ್ಲ ಒಟ್ಟಿಗೆ ಎದ್ದು 50ಕ್ಕೆ ಏರುತ್ತದೆ. ದಿನದ ಒಟ್ಟು ಬಳಕೆ ಸುಮಾರು 1,950 ಯೂನಿಟ್.

ಇಂಥ ಚಿತ್ರ ತಿಂಗಳ ಬಿಲ್ಲಿನಲ್ಲಿ ಸಿಗುವುದಿಲ್ಲ. ಬಿಲ್ಲು ಒಟ್ಟು ಮೊತ್ತ ಹೇಳುತ್ತದೆ, ಗಂಟೆ ಹೇಳುವುದಿಲ್ಲ. ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಎಸ್ಕಾಂನ ಡಿಜಿಟಲ್ ಮೀಟರಿನೊಳಗೆ ಹೊತ್ತುಹೊತ್ತಿನ ದಾಖಲೆ ಇರುತ್ತದೆ, ಕೇಳಿ ಪಡೆಯಬಹುದು. ಅದರ ಜೊತೆಗೆ ಪ್ರತಿ ಬ್ಲಾಕಿನ ಫೀಡರಿಗೆ ಒಂದೊಂದು ಸಣ್ಣ ಮೀಟರ್ ಕೂರಿಸಿ ಕನಿಷ್ಠ ಒಂದು ಸೆಮಿಸ್ಟರ್ ಗಮನಿಸಬೇಕು. ತರಗತಿಯ ದಿನ, ಪರೀಕ್ಷೆಯ ದಿನ, ಭಾನುವಾರ, ದಸರಾ ರಜೆ ಎಲ್ಲದರ ರೂಪ ಬೇರೆ ಬೇರೆ. ಈ ಕೆಲಸಕ್ಕೆ ಹೊರಗಿನ ಸಲಹೆಗಾರ ಬೇಕಿಲ್ಲ. ನಿಮ್ಮ ಎಲೆಕ್ಟ್ರಿಕಲ್ ವಿಭಾಗದ ಮೂರನೆಯ ವರ್ಷದ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮಾಡಬಲ್ಲರು, ಮಾಡುತ್ತಲೇ ಬಹಳಷ್ಟು ಕಲಿಯಬಲ್ಲರು. ಹಿಂದಿನ ಬೆಂಚಿನಲ್ಲಿ ಕೂತಿರುವ ಮಕ್ಕಳು ಇದನ್ನು ದಯವಿಟ್ಟು ಬರೆದುಕೊಳ್ಳಿ.

ಸಮೀಕ್ಷೆ ಮುಗಿದ ಮೇಲೆ ಮೊದಲು ನೋಡಬೇಕಾದದ್ದು ನೀರು. ಸಾವಿರದೈನೂರು ಜನರ ಕ್ಯಾಂಪಸ್ಸಿಗೆ ದಿನಕ್ಕೆ ಒಂದು ಲಕ್ಷ ಲೀಟರ್ ಬೇಕಾಗುತ್ತದೆ ಎನ್ನೋಣ. ನೀರಿನ ಮಟ್ಟ 150 ಮೀಟರ್ ಆಳದಲ್ಲಿದೆ. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ 41 ಯೂನಿಟ್ ಸಾಕು. ಪಂಪು, ಮೋಟಾರು, ಪೈಪುಗಳ ನಷ್ಟ ಸೇರಿದರೆ ಮೀಟರಿನಲ್ಲಿ ಓಡುವುದು ಸುಮಾರು 100. ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಲು ಇನ್ನೊಂದು ಹತ್ತು. ಈ 110 ಯೂನಿಟ್ಟುಗಳನ್ನು ಇಂದು ನಸುಕಿನಲ್ಲಿ ಮತ್ತು ಸಂಜೆ ಸುಡುತ್ತಿದ್ದೀರಿ, ಏಕೆಂದರೆ ಪಂಪ್ ಆಪರೇಟರಿನ ಪಾಳಿ ಹಾಗಿದೆ. ಪಂಪನ್ನು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಓಡಿಸಿ. ಅದಕ್ಕೆ ಒಂದು ದಿನದ ನೀರು ಹಿಡಿಯುವ ಸಂಪು ಬೇಕು, ಟೈಮರ್ ಬೇಕು, ಪಾಳಿ ಬದಲಾಗಬೇಕು. ಸಿಮೆಂಟಿನ ಸಂಪು ಮೂವತ್ತು ವರ್ಷ ಬಾಳುತ್ತದೆ, ಅದಕ್ಕೆ ಬಿಸಿಯಿಲ್ಲ, ಬೆಂಕಿಯ ಭಯವಿಲ್ಲ. ಬಿಸಿಲನ್ನು ರಾತ್ರಿಗೆ ಕೂಡಿಡಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಎರಡನೆಯದು ಫ್ಯಾನು. ಹಾಸ್ಟೆಲಿನ 250 ಕೋಣೆಗಳಲ್ಲಿ ಹಳೆಯ ಫ್ಯಾನುಗಳು ತಲಾ 70ರಿಂದ 75 ವ್ಯಾಟ್ ತಿನ್ನುತ್ತವೆ. ಬ್ರಷ್ ಇಲ್ಲದ ಮೋಟಾರಿನ, ಅಂಗಡಿಯಲ್ಲಿ ಬಿಎಲ್‌ಡಿಸಿ ಎಂದು ಕೇಳುವ ಫ್ಯಾನು ಅದೇ ಗಾಳಿಗೆ 30 ವ್ಯಾಟ್ ಆಸುಪಾಸು ಬಳಸುತ್ತದೆ. ಉಳಿತಾಯ ಫ್ಯಾನಿಗೆ 45 ವ್ಯಾಟ್ ಎಂದರೂ 250 ಫ್ಯಾನುಗಳಿಗೆ 11 ಕಿಲೋವ್ಯಾಟ್ ಮೀರುತ್ತದೆ. ರಾತ್ರಿ ಹತ್ತು ಗಂಟೆ ಕಾಲ ತಿರುಗಿದರೆ 110 ಯೂನಿಟ್. ಫ್ಯಾನಿಗೆ ಮೂರು ಸಾವಿರ ರೂಪಾಯಿಯಂತೆ ಏಳೂವರೆ ಲಕ್ಷ ಖರ್ಚು. ಅದೇ 110 ಯೂನಿಟ್ಟನ್ನು ಪ್ರತಿ ರಾತ್ರಿ ಬ್ಯಾಟರಿಯಿಂದ ಕೊಡಲು ಹೊರಟರೆ ಅದರ ಮೂರು ಪಟ್ಟು ಹಣ ಬೇಕು. ಹೇಗೆಂಬುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಸಂಪು ಮತ್ತು ಫ್ಯಾನು ಎರಡೇ ಸೇರಿ ದಿನಕ್ಕೆ 220 ಯೂನಿಟ್ಟನ್ನು ಕತ್ತಲೆಯ ಹೊತ್ತಿನಿಂದ ತೆಗೆದುಹಾಕಿದವು. ಇದನ್ನು ಮಾಡದೆ ಟೆಂಡರ್ ಕರೆಯುವುದು ಸಂಸ್ಥೆಯ ಹಣಕ್ಕೆ ಮಾಡುವ ಅನ್ಯಾಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಪ್ಯಾನೆಲ್. ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಫೆಬ್ರುವರಿ, ಮಾರ್ಚ್‌ನ ತಿಳಿಯಾದ ದಿನ ಐದರ ಹತ್ತಿರ ಹೋಗುತ್ತದೆ. ಜುಲೈನ ದಟ್ಟ ಮೋಡದಲ್ಲಿ ಎರಡಕ್ಕೂ ಇಳಿಯುತ್ತದೆ. ಸುಡುಬಿಸಿಲಿನ ಮೇ ತಿಂಗಳೇ ಅತ್ಯುತ್ತಮ ಎಂದು ಜನ ಊಹಿಸುತ್ತಾರೆ, ಹಾಗಲ್ಲ. ಪ್ಯಾನೆಲ್ಲಿನ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ತಾಪಮಾನಕ್ಕೆ ಲೆಕ್ಕ ಹಾಕಿದ್ದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಶೇಕಡ 0.3ರಿಂದ 0.4ರಷ್ಟು ಶಕ್ತಿ ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟಿದಾಗ ಎಂಟನೆಯ ಒಂದು ಭಾಗ ಅಲ್ಲೇ ಹೋಯಿತು. ಆದ್ದರಿಂದ ಪ್ಯಾನೆಲ್‌ಗಳನ್ನು ತಾರಸಿಗೆ ಅಂಟಿದಂತೆ ಮಲಗಿಸಬೇಡಿ, ಕೆಳಗೆ ಗಾಳಿಯಾಡಲಿ.

ಜಾಗದ ಲೆಕ್ಕಕ್ಕೆ ಓಡಾಡುವ ದಾರಿ ಸೇರಿ ಕಿಲೋವ್ಯಾಟಿಗೆ ಒಂಬತ್ತು, ಹತ್ತು ಚದರ ಮೀಟರ್ ಹಿಡಿಯಿರಿ. ನಮ್ಮ ಅಕ್ಷಾಂಶದಲ್ಲಿ ದಕ್ಷಿಣಕ್ಕೆ ಹತ್ತರಿಂದ ಹದಿನೈದು ಡಿಗ್ರಿ ಓರೆ ಸಾಕು. ನಿಜವಾದ ಶತ್ರು ನೆರಳು. ಒಂದೇ ಸಾಲಿನಲ್ಲಿ ಜೋಡಿಸಿದ ಇಪ್ಪತ್ತು ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಕಪ್ಪು ನೀರಿನ ಟ್ಯಾಂಕಿನ ನೆರಳು ಬಿದ್ದರೂ ಆ ಸಾಲಿನ ದುಡಿಮೆ ಬೀಳುತ್ತದೆ. ನೆರಳಾದ ಭಾಗವನ್ನು ಬಳಸಿಕೊಂಡು ಕರೆಂಟ್ ದಾಟಿಸುವ, ಪ್ಯಾನೆಲ್ಲಿನೊಳಗಿನ ಬೈಪಾಸ್ ಡಯೋಡುಗಳು ನಷ್ಟವನ್ನು ಮಿತಿಯಲ್ಲಿಡುತ್ತವೆ, ಅಳಿಸುವುದಿಲ್ಲ. ಟ್ಯಾಂಕುಗಳನ್ನು ಉತ್ತರದ ಅಂಚಿಗೆ ಸರಿಸುವುದು ಒಂದು ವಾರದ ಪ್ಲಂಬರ್ ಕೆಲಸ. ತಾರಸಿ ಸೋರುತ್ತಿದ್ದರೆ ಅದರ ದುರಸ್ತಿಯೂ ಮೊದಲೇ ಆಗಬೇಕು. ಒಮ್ಮೆ ಚೌಕಟ್ಟು ಕೂತಿತೆಂದರೆ ಮುಂದಿನ ಇಪ್ಪತ್ತೈದು ವರ್ಷ ಅಲ್ಲಿ ಕರಣೆ ಹಿಡಿಯಲು ಜಾಗವಿರುವುದಿಲ್ಲ. ಗಾಳಿಯ ಒತ್ತಡಕ್ಕೆ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ನೋಡಿ ಚೌಕಟ್ಟು ವಿನ್ಯಾಸ ಮಾಡಿಸಿ. ಬೆಂಗಳೂರಿಗೆ ಅದು ಸೆಕೆಂಡಿಗೆ 33 ಮೀಟರ್ ವೇಗ ಹೇಳುತ್ತದೆ, ಮಂಗಳೂರಿಗೆ 39.

ಹಾಗಾದರೆ ನಮ್ಮ ಕ್ಯಾಂಪಸ್ಸಿಗೆ ಎಷ್ಟು ಕಿಲೋವ್ಯಾಟ್? 300 ಹಾಕಿದರೆ ಮಾರ್ಚ್‌ನ ಒಳ್ಳೆಯ ದಿನ 1,400 ಯೂನಿಟ್ ಬರುತ್ತದೆ, ಹತ್ತರಿಂದ ಮೂರರೊಳಗೆ ಸುಮಾರು 300 ಯೂನಿಟ್ ಹೆಚ್ಚಾಗಿ ಉಳಿಯುತ್ತದೆ. ಹಾಸ್ಟೆಲಿನ ಸಂಜೆಗೂ ಅಷ್ಟೇ ಬೇಕು. ಕಾಗದದ ಮೇಲೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಭಾನುವಾರ ಇದರ ಎರಡು, ಮೂರು ಪಟ್ಟು ಉಳಿಯುತ್ತದೆ, ಜುಲೈನಲ್ಲಿ ಏನೂ ಉಳಿಯುವುದಿಲ್ಲ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ 2021ರ ತಿದ್ದುಪಡಿ ನೆಟ್ ಮೀಟರಿಂಗನ್ನು, ಅಂದರೆ ಗ್ರಿಡ್ಡಿಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವ ಪದ್ಧತಿಯನ್ನು, 500 ಕಿಲೋವ್ಯಾಟ್ ಅಥವಾ ಮಂಜೂರಾದ ಹೊರೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಕಟ್ಟಿಹಾಕಿದೆ. 200 ಕೆವಿಎ ಒಪ್ಪಂದದವರು 300ಕ್ಕೆ ಕೈಹಾಕುವ ಮೊದಲು ಎಸ್ಕಾಂ ಕಚೇರಿಯ ಮೆಟ್ಟಿಲು ಹತ್ತಬೇಕು. 200 ಕಿಲೋವ್ಯಾಟ್ ಹಾಕಿದರೆ ಒಳ್ಳೆಯ ದಿನ 950 ಯೂನಿಟ್. ಕೆಲಸದ ದಿನ ಬಹುತೇಕ ಎಲ್ಲವೂ ಹುಟ್ಟಿದ ಗಳಿಗೆಯಲ್ಲೇ ಬಳಕೆಯಾಗುತ್ತದೆ. ಊಟದ ಹೊತ್ತಿನಲ್ಲಿ ಉಳಿಯುವ ನಲವತ್ತು ಯೂನಿಟ್ಟನ್ನೂ ಈಗ ಮಧ್ಯಾಹ್ನಕ್ಕೆ ಸರಿಸಿದ ಪಂಪು ನುಂಗುತ್ತದೆ. ನನ್ನ ಆಯ್ಕೆ 200.

ಈಗ ಬ್ಯಾಟರಿ. ಇಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಕಿಲೋವ್ಯಾಟ್ ಅವರ್, ಅಂದರೆ ಯೂನಿಟ್, ತೊಟ್ಟಿಯ ಗಾತ್ರವಿದ್ದಂತೆ. ಕಿಲೋವ್ಯಾಟ್ ಅದರ ನಲ್ಲಿಯ ಅಗಲವಿದ್ದಂತೆ. ಕೊಟೇಶನ್ನಿನಲ್ಲಿ ಒಂದನ್ನೇ ಬರೆದು ಇನ್ನೊಂದನ್ನು ಬಿಟ್ಟಿದ್ದರೆ ಅದನ್ನು ವಾಪಸು ಕಳಿಸಿ.

ಬ್ಯಾಟರಿಗೆ ಏನು ಕೆಲಸ ಕೊಡುತ್ತೀರಿ? ಕರೆಂಟ್ ಹೋದಾಗ ಆಸರೆ, ಹಗಲಿನ ವಿದ್ಯುತ್ತನ್ನು ಸಂಜೆಗೆ ಸಾಗಿಸುವುದು, ಗರಿಷ್ಠ ಬೇಡಿಕೆಯನ್ನು ತಗ್ಗಿಸುವುದು. ಇವು ಒಂದಕ್ಕೊಂದು ಹೊಂದುವುದಿಲ್ಲ. ಆಸರೆಗೆ ನಿಂತ ಬ್ಯಾಟರಿ ಸದಾ ತುಂಬಿರಬೇಕು, ಸಂಜೆಗೆ ಸಾಗಿಸುವ ಬ್ಯಾಟರಿ ರಾತ್ರಿ ಹತ್ತಕ್ಕೆ ಖಾಲಿಯಾಗಿರಬೇಕು. ಹತ್ತೂವರೆಗೆ ಗುಡುಗು ಬಂದು ಲೈನ್ ಹೋದರೆ? ಆದ್ದರಿಂದ ಆಸರೆಯ ಪಾಲನ್ನು ಪ್ರತ್ಯೇಕ ಮೀಸಲಾಗಿ ಬರೆದಿಡಬೇಕು, ಅದನ್ನು ನಿಯಂತ್ರಕ ಯಂತ್ರ ಯಾವ ಕಾರಣಕ್ಕೂ ಮುಟ್ಟಬಾರದು.

ಮೂರನೆಯ ಕೆಲಸ, ಗರಿಷ್ಠ ಬೇಡಿಕೆ ತಗ್ಗಿಸುವುದರ ಬಗ್ಗೆ ಎಚ್ಚರ ಹೇಳಲೇಬೇಕು. ಹೈಟೆನ್ಷನ್ ಬಿಲ್ಲಿನಲ್ಲಿ ಯೂನಿಟ್ಟಿನ ದರದ ಜೊತೆಗೆ, ತಿಂಗಳಲ್ಲಿ ದಾಖಲಾದ ಅತಿ ಹೆಚ್ಚಿನ ಬೇಡಿಕೆಗೂ ಶುಲ್ಕವಿದೆ. ಸೌರ ವಿದ್ಯುತ್ ಬಂದರೆ ಇದೂ ಇಳಿಯುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. ತಿಂಗಳಲ್ಲಿ ಒಂದೇ ಒಂದು ದಿನ ಮೋಡ ಕವಿದು ಲ್ಯಾಬುಗಳೆಲ್ಲ ನಡೆಯುತ್ತಿದ್ದರೆ ಸಾಕು, ಮೀಟರು ಆ ಗಳಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲು ಗಂಟೆಯ ಮೋಡವನ್ನು ಸಣ್ಣ ಬ್ಯಾಟರಿ ತಡೆಯಬಲ್ಲದು, ಮಳೆಗಾಲದ ಇಡೀ ದಿನವನ್ನು ತಡೆಯಲಾರದು. ಈ ಉಳಿತಾಯವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊನ್ನೆ ಎಂದೇ ಬರೆದುಕೊಳ್ಳಿ.

ಎರಡನೆಯ ಕೆಲಸಕ್ಕೆ, ಹಗಲಿನದನ್ನು ಸಂಜೆಗೆ ಸಾಗಿಸುವುದಕ್ಕೆ, ಹಣ ಗಿಟ್ಟುತ್ತದೆಯೇ? ಬ್ಯಾಟರಿ ವ್ಯವಸ್ಥೆಯ ಪ್ರತಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 15,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಬೆಲೆ ಇಳಿಯುತ್ತಿದೆ, ನಿಮ್ಮ ಕೈಗೆ ಬಂದ ದರವನ್ನು ಇಲ್ಲಿಡಿ. ವರ್ಷಕ್ಕೆ 300 ಬಾರಿಯಂತೆ ಹತ್ತು ವರ್ಷ ತುಂಬಿ ಬರಿದು ಮಾಡಿದರೆ, ಸವೆತ ಕಳೆದು ಒಂದು ಯೂನಿಟ್ ಸಾಮರ್ಥ್ಯದಿಂದ ಒಟ್ಟು 2,400 ಯೂನಿಟ್ ಹೊರಬರುತ್ತದೆ. ಅಂದರೆ ಹಗಲಿನಿಂದ ಸಂಜೆಗೆ ಸಾಗಿಸುವ ಕೂಲಿಯೇ ಯೂನಿಟ್ಟಿಗೆ ಆರು ರೂಪಾಯಿ ಮೀರಿತು. 2023ರ ಕೇಂದ್ರ ನಿಯಮಗಳು ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20 ಕಡಿಮೆ ಇರಬೇಕೆಂದೂ, ಬೇಡಿಕೆ ಏರುವ ಹೊತ್ತಿನ ದರ ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು, ಉಳಿದವರಿಗೆ 1.1 ಪಟ್ಟು ಇರಬೇಕೆಂದೂ ಹೇಳುತ್ತವೆ. ನಿಮಗೆ ಅನ್ವಯಿಸುವ ದರ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆ ವರ್ಷದ ಆದೇಶದಲ್ಲಿರುತ್ತದೆ. ಆ ಕನಿಷ್ಠ ಪ್ರಮಾಣದಷ್ಟೇ ಅಂತರವಿದ್ದರೆ ಯೂನಿಟ್ಟಿಗೆ ಎರಡೂವರೆ, ಮೂರು ರೂಪಾಯಿ ಸಿಗುತ್ತದೆ. ಆರು ರೂಪಾಯಿ ಕೂಲಿ ಕೊಟ್ಟು ಮೂರು ರೂಪಾಯಿ ಉಳಿಸಿದಂತಾಯಿತು.

ಇದನ್ನು ಹೇಳುವಾಗ ನನಗೆ ಸಂಕಟವೂ ಆಗುತ್ತದೆ. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವ್ಯಾಟ್. ನಮ್ಮ ರಾಜ್ಯದ ಗ್ರಿಡ್‌ಗೆ ಮಧ್ಯಾಹ್ನದ ಸೌರ ವಿದ್ಯುತ್ತಿಗಿಂತ ಸಂಜೆ ಏಳರ ವಿದ್ಯುತ್ ಹೆಚ್ಚು ಬೇಕಾಗಿದೆ. ಕಾಲೇಜುಗಳು ಸಂಜೆಯ ಹೊರೆ ಇಳಿಸಿದರೆ ನಾಡಿಗೆ ಒಳ್ಳೆಯದು. ಆದರೆ ಆ ಒಳ್ಳೆಯದಕ್ಕೆ ದರದಲ್ಲಿ ಬೆಲೆ ಸಿಗುವವರೆಗೆ, ಅದರ ಭಾರವನ್ನು ವಿದ್ಯಾರ್ಥಿಗಳ ಶುಲ್ಕದ ಮೇಲೆ ಹೇರಿ ಎಂದು ನಾನು ಹೇಳಲಾರೆ. ಜಾಗ ಬಿಟ್ಟಿಡಿ, ಕೇಬಲ್ಲಿಗೆ ನಾಲೆ ಬಿಟ್ಟಿಡಿ. ಮುಂದೆ ಬ್ಯಾಟರಿ ಕಪಾಟುಗಳನ್ನು ಸೇರಿಸಬಹುದು.

ಉಳಿದದ್ದು ಮೊದಲ ಕೆಲಸ, ಕರೆಂಟ್ ಹೋದಾಗಿನ ಆಸರೆ, ಅದೇ ಗಟ್ಟಿಯಾದದ್ದು. ಒಂದು ಲೀಟರ್ ಡೀಸೆಲ್‌ನಿಂದ ಜನರೇಟರ್ ಮೂರು, ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಆಸುಪಾಸಿನ ದರದಲ್ಲಿ ಯೂನಿಟ್ಟಿಗೆ 26ರಿಂದ 30 ರೂಪಾಯಿ. ನಮ್ಮ ಕ್ಯಾಂಪಸ್ಸಿನಲ್ಲಿ ನಿಲ್ಲಬಾರದ ಹೊರೆ 40 ಕಿಲೋವ್ಯಾಟ್: ಸರ್ವರ್, ಪರೀಕ್ಷಾ ಕೊಠಡಿ, ಹಾಸ್ಟೆಲಿನ ದೀಪ ಮತ್ತು ಫ್ಯಾನು, ಮೆಸ್ಸು, ಪ್ರಯೋಗಾಲಯದ ಶೈತ್ಯಪೆಟ್ಟಿಗೆ. ಎರಡು ಗಂಟೆ ತಡೆಯಬೇಕೆಂದರೆ 80 ಯೂನಿಟ್. ಪೂರ್ತಿ ಬರಿದು ಮಾಡಬಾರದು, ಶೇಕಡ 90ರವರೆಗೆ ಮಾತ್ರ ಬಳಸಬೇಕು. ಇನ್ವರ್ಟರಿನಲ್ಲಿ ಶೇಕಡ 5 ಹೋಗುತ್ತದೆ. ಬಹಳ ಕೊಟೇಶನ್‌ಗಳು ಮರೆಯುವ ಮೂರನೆಯ ಅಂಶ ಮುಪ್ಪು. ಹತ್ತನೆಯ ವರ್ಷದ ಹೊತ್ತಿಗೆ ಸಾಮರ್ಥ್ಯ ಶೇಕಡ 80ಕ್ಕೆ ಇಳಿದಿರುತ್ತದೆ, ಆಗಲೂ ಎರಡು ಗಂಟೆ ನಡೆಯಬೇಕು. 80ನ್ನು 0.9, 0.95, 0.8 ಮೂರರಿಂದಲೂ ಭಾಗಿಸಿದರೆ 117. ಕೊಳ್ಳಬೇಕಾದದ್ದು 120 ಯೂನಿಟ್, 60 ಕಿಲೋವ್ಯಾಟ್ ಇನ್ವರ್ಟರ್ ಜೊತೆಗೆ. ಹಿಂದೆ ಹೇಳಿದ ಫ್ಯಾನಿನ 110 ಯೂನಿಟ್ಟನ್ನು ಇದೇ ಭಾಗಾಕಾರಕ್ಕೆ ಹಾಕಿ, 160 ಬರುತ್ತದೆ. ಅದು 24 ಲಕ್ಷದ ಬ್ಯಾಟರಿ.

120 ಯೂನಿಟ್ಟಿನದು 18 ಲಕ್ಷ. ದಿನಕ್ಕೆ ಸರಾಸರಿ ಒಂದು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಹೊರೆ ಸದಾ 40 ಮುಟ್ಟದೆಂದು ಹಿಡಿದರೂ ವರ್ಷಕ್ಕೆ 12,000 ಯೂನಿಟ್ ಡೀಸೆಲ್ ವಿದ್ಯುತ್ತನ್ನು ಇದು ತಪ್ಪಿಸುತ್ತದೆ. ತುಂಬುವ ವಿದ್ಯುತ್ತಿನ ಖರ್ಚು ಕಳೆದರೂ ಸುಮಾರು ಏಳು ವರ್ಷದಲ್ಲಿ ಹಣ ಹಿಂದಿರುಗುತ್ತದೆ. ಬೆಂಗಳೂರಿನ ಹೊರವಲಯದ, ಲೈನ್ ಅಪರೂಪಕ್ಕೆ ಹೋಗುವ ಕಾಲೇಜಿಗೆ ಈ ಲೆಕ್ಕ ಗಿಟ್ಟುವುದಿಲ್ಲ. ಅವರು ಬ್ಯಾಟರಿಯನ್ನು ಇನ್ನೂ ಚಿಕ್ಕದು ಮಾಡಲಿ ಅಥವಾ ಸದ್ಯಕ್ಕೆ ಬಿಡಲಿ. ಜನರೇಟರನ್ನು ಮಾತ್ರ ಮಾರಬೇಡಿ. ಮಳೆಗಾಲದಲ್ಲಿ ಇಡೀ ದಿನ ಲೈನ್ ಹೋದಾಗ ಅದೇ ಬೇಕು, ಬ್ಯಾಟರಿ ಇದ್ದರೆ ಅದನ್ನು ಒಳ್ಳೆಯ ಹೊರೆಯಲ್ಲಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬಹುದು.

ಇಲ್ಲಿ ಇನ್ನೊಂದು ಅಡಗಿರುವ ಖರ್ಚನ್ನು ಹುಡುಕಿ. ಕಂಪ್ಯೂಟರ್ ಲ್ಯಾಬುಗಳ ಮೂಲೆಮೂಲೆಯಲ್ಲಿ ಯುಪಿಎಸ್‌ಗಳೂ ಅವುಗಳ ಸೀಸದ ಬ್ಯಾಟರಿಗಳೂ ಕೂತಿವೆ. ಒಂದೊಂದನ್ನು ಒಂದೊಂದು ವಿಭಾಗ ಕೊಂಡದ್ದು. ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾವಣೆ, ಹಗಲು ರಾತ್ರಿ ಅವುಗಳೊಳಗೆ ಸೋರುವ ವಿದ್ಯುತ್, ಅವುಗಳ ಬಿಸಿಗೆ ಎಸಿ. ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದರೆ ಆಡಳಿತ ಮಂಡಳಿಗೆ ಆಶ್ಚರ್ಯವಾಗುತ್ತದೆ. ಕೇಂದ್ರೀಯ ಬ್ಯಾಟರಿ ಬಂದರೆ ಇವುಗಳಲ್ಲಿ ಬಹುಪಾಲು ಬೇಕಿಲ್ಲ. ಸರ್ವರಿಗೆ ಮಾತ್ರ ಚಿಕ್ಕದೊಂದು ಉಳಿಯಲಿ, ಗ್ರಿಡ್‌ನಿಂದ ಬ್ಯಾಟರಿಗೆ ಹೊರಳುವ ಮಿಲಿಸೆಕೆಂಡುಗಳನ್ನು ದಾಟಿಸಲು.

ನಿಲ್ಲಬಾರದ ಹೊರೆ ಎಂದು ಪಟ್ಟಿ ಮಾಡುವುದು ಸುಲಭ, ತಂತಿಯಲ್ಲಿ ಬೇರ್ಪಡಿಸುವುದು ಕಷ್ಟ. ಹಳೆಯ ಕಟ್ಟಡಗಳಲ್ಲಿ ಒಂದೇ ಸ್ವಿಚ್ ಬೋರ್ಡಿನಿಂದ ದೀಪವೂ ಗೀಸರೂ ಹೋಗಿರುತ್ತವೆ. ಇವನ್ನು ಬೇರೆ ಪ್ಯಾನೆಲ್ ಬೋರ್ಡಿಗೆ ತರುವ ವೈರಿಂಗ್ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿ. ಕೊಳವೆ ಬಾವಿಯ ಮೋಟಾರು, ಲಿಫ್ಟು ಆ ಬೋರ್ಡಿಗೆ ಬರದಿರಲಿ. ನೇರವಾಗಿ ಚಾಲೂ ಮಾಡಿದ ಮೋಟಾರು ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ. ಗ್ರಿಡ್ ಅದನ್ನು ತಾಳುತ್ತದೆ, 60 ಕಿಲೋವ್ಯಾಟಿನ ಇನ್ವರ್ಟರ್ ತಾಳದೆ ಇಡೀ ಕ್ಯಾಂಪಸ್ಸನ್ನು ಆರಿಸುತ್ತದೆ. ಲಿಫ್ಟು ಬೇಕೇ ಬೇಕೆಂದರೆ ವೇಗ ನಿಯಂತ್ರಕ ಡ್ರೈವ್ ಹಾಕಿಸಿ.

ಎಸ್ಕಾಂ ಬಿಲ್ಲಿನಲ್ಲಿ ಕಾದಿರುವ ಇನ್ನೊಂದು ಅಪಾಯ ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ಶಕ್ತಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಹೊರೆ 150 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.95. ಅದರಲ್ಲಿ 49 ಕೆವಿಎಆರ್ ಪ್ರತಿಘಾತಿ ಶಕ್ತಿ ಅಡಗಿದೆ; ಕೆಲಸ ಮಾಡದೆ ತಂತಿಯಲ್ಲಿ ಸುಮ್ಮನೆ ಹೋಗಿಬರುವ ಶಕ್ತಿ ಅದು. ಈಗ ಸೌರ 120 ಕಿಲೋವ್ಯಾಟ್ ಕೊಟ್ಟಿತು. ಗ್ರಿಡ್‌ನಿಂದ ಬರುವುದು 30 ಕಿಲೋವ್ಯಾಟ್, ಆದರೆ ಆ 49 ಹಾಗೇ ಉಳಿಯಿತು. ಮೀಟರಿನ ಕಣ್ಣಿಗೆ ನಿಮ್ಮ ಪವರ್ ಫ್ಯಾಕ್ಟರ್ 0.52! 0.90ಕ್ಕಿಂತ ಇಳಿದರೆ ದಂಡ. ಸೌರ ವಿದ್ಯುತ್ ಹಾಕಿಸಿದ ಮೇಲೆ ದಂಡ ಬಂತಲ್ಲ ಎಂದು ಕಂಗಾಲಾಗುವ ಸಂಸ್ಥೆಗಳಿವೆ. ಪರಿಹಾರ ಕಷ್ಟವಲ್ಲ. ಇನ್ವರ್ಟರುಗಳೇ ಪ್ರತಿಘಾತಿ ಶಕ್ತಿ ಕೊಡುವಂತೆ ಹೊಂದಿಸಬಹುದು, ಪವರ್ ಫ್ಯಾಕ್ಟರನ್ನು ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ಲಿನ ಅಳತೆಯ ಬಿಂದುವನ್ನು ಎಸ್ಕಾಂ ಮೀಟರಿನ ಬಳಿಗೆ ತರಬಹುದು. ಟೆಂಡರಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಬರೆಯದಿದ್ದರೆ ಯಾರೂ ಮಾಡುವುದಿಲ್ಲ.

ಬ್ಯಾಟರಿಯ ಬಗೆ ಯಾವುದಿರಲಿ? ಲಿಥಿಯಂ ಐರನ್ ಫಾಸ್ಫೇಟ್ ಎಂದು ಧೈರ್ಯವಾಗಿ ಹೇಳುತ್ತೇನೆ. ಸೀಸದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಸಾಯುತ್ತದೆ, ನೀರು ಹಾಕುತ್ತಿರಬೇಕು, ತುಂಬುವಾಗ ಹೈಡ್ರೋಜನ್ ಬಿಡುತ್ತದೆ. ಫಾಸ್ಫೇಟ್ ಬ್ಯಾಟರಿ ನಾಲ್ಕರಿಂದ ಆರು ಸಾವಿರ ಬಾರಿ ತುಂಬಿ ಬರಿದಾಗಬಲ್ಲದು. ಈ ರಾಸಾಯನಿಕವನ್ನು ಜಗತ್ತಿಗೆ ಕೊಟ್ಟ 1997ರ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಮೊದಲಿನ ಎರಡು ಹೆಸರುಗಳನ್ನೂ ನಮ್ಮ ರಸಾಯನಶಾಸ್ತ್ರದ ತರಗತಿಗಳು ಹೇಳಬೇಕೆಂದು ನನ್ನ ಆಸೆ.

ಎಲ್ಲಿ ಇಡಬೇಕೆಂಬುದು ಬಗೆಯಷ್ಟೇ ಮುಖ್ಯ. 120 ಯೂನಿಟ್ಟಿನ ಕಪಾಟು ಒಂದು ಟನ್ ಮೀರಿ ತೂಗುತ್ತದೆ. ಹಳೆಯ ತಾರಸಿ ಬೇಡ, ತಗಡಿನ ಶೆಡ್ ಬೇಡ. ಬಿಸಿ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಈ ಮಾತನ್ನು ಎರಡು ಸಲ ಹೇಳಬೇಕು. ನೆಲಮಟ್ಟದಲ್ಲಿ, ಕಟ್ಟಡದ ಉತ್ತರದ ನೆರಳಿನಲ್ಲಿ, ಗಾಳಿಯಾಡುವ ಪ್ರತ್ಯೇಕ ಕೋಣೆ ಕಟ್ಟಿ. ಹಾಸ್ಟೆಲಿನ ಮೆಟ್ಟಿಲ ಕೆಳಗೆ, ಮಕ್ಕಳು ಹೊರಗೋಡಬೇಕಾದ ದಾರಿಯ ಪಕ್ಕ ಎಂದಿಗೂ ಇಡಬೇಡಿ. ಫಾಸ್ಫೇಟ್ ಬ್ಯಾಟರಿ ಇತರ ಲಿಥಿಯಂ ಬಗೆಗಳಿಗಿಂತ ಶಾಂತವಾದದ್ದು ನಿಜ, ಆದರೆ ಕೆಟ್ಟಾಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಅನಿಲ ಪತ್ತೆಯ ಸಾಧನ ಮತ್ತು ಅಗ್ನಿಶಾಮಕ ಇಲಾಖೆಗೆ ತೋರಿಸಿದ ನಕ್ಷೆ ಇರಲಿ. ಬ್ಯಾಟರಿ ಸುರಕ್ಷತೆಯ ಐಇಸಿ 62619 ಪ್ರಮಾಣಪತ್ರ, ಬೆಂಕಿ ಹೇಗೆ ಹರಡುತ್ತದೆಂದು ನೋಡುವ ಯುಎಲ್ 9540ಎ ಪರೀಕ್ಷೆಯ ವರದಿ ಎರಡನ್ನೂ ಮಾರುವವರಿಂದ ಕೇಳಿ ಪಡೆಯಿರಿ.

ಪ್ರಶ್ನೋತ್ತರದ ಹೊತ್ತಿನಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಆಡಳಿತ ಮಂಡಳಿಯ ಹಿರಿಯರೊಬ್ಬರು, "ನಾವು ಬಂಡವಾಳ ಹಾಕದೆ, ಕಂಪನಿಯವರೇ ಹಾಕಿ ಯೂನಿಟ್ಟಿಗೆ ಇಷ್ಟೆಂದು ಕೊಡುತ್ತೇವೆ ಅನ್ನುತ್ತಾರಲ್ಲ, ಅದು ಹೇಗೆ?" ಎಂದು ಕೇಳಿದರು. ಪ್ಯಾನೆಲ್ಲಿಗೆ ಅದು ಒಳ್ಳೆಯ ದಾರಿಯೇ, ಸರ್. ಕಾಲು ಶತಮಾನದ ಒಪ್ಪಂದವಾದ್ದರಿಂದ ಮೂರು ವಿಷಯ ಬರೆಸಿಕೊಳ್ಳಿ: ರಜೆಯಲ್ಲಿ ನೀವು ಬಳಸದ ವಿದ್ಯುತ್ತಿಗೆ ಯಾರು ಹಣ ತೆರಬೇಕು, ಕಟ್ಟಡದ ಮೇಲೆ ಇನ್ನೊಂದು ಮಹಡಿ ಕಟ್ಟಬೇಕಾದರೆ ಏನು, ತಾರಸಿ ಸೋರಿದರೆ ಯಾರ ಹೊಣೆ. ಬ್ಯಾಟರಿಯನ್ನು ಮಾತ್ರ ನೀವೇ ಕೊಳ್ಳಿ. ಅದನ್ನು ಯಾವಾಗ ತುಂಬಬೇಕು, ಯಾವಾಗ ಬರಿದು ಮಾಡಬೇಕೆಂಬ ತೀರ್ಮಾನ ನಿಮ್ಮ ಕೈಯಲ್ಲಿರಬೇಕು.

ವಿದ್ಯಾರ್ಥಿನಿಯೊಬ್ಬರು, "ಬ್ಯಾಟರಿ ನಿಜವಾಗಿಯೂ ಹೇಳಿದಷ್ಟು ಸಾಮರ್ಥ್ಯ ಉಳಿಸಿಕೊಂಡಿದೆಯೇ ಎಂದು ನಮಗೆ ಹೇಗೆ ಗೊತ್ತಾಗುತ್ತದೆ?" ಎಂದರು. ಅಂದು ಕೇಳಿದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮ. ವರ್ಷಕ್ಕೊಮ್ಮೆ, ರಜೆಯ ದಿನ, ಪೂರ್ತಿ ತುಂಬಿ, ಗೊತ್ತಾದ ಹೊರೆಗೆ ಜೋಡಿಸಿ, ನಿಗದಿತ ಮಟ್ಟಕ್ಕೆ ಬರಿದು ಮಾಡಿ ಹೊರಬಂದ ಯೂನಿಟ್ ಅಳೆಯಬೇಕು. ಪರದೆಯ ಮೇಲೆ ಕಾಣುವ ಶೇಕಡಾವಾರು ಅಂದಾಜು ಮಾತ್ರ, ಅಳತೆಯಲ್ಲ. ಹತ್ತನೆಯ ವರ್ಷಕ್ಕೆ ಶೇಕಡ 80 ಉಳಿದಿರಬೇಕೆಂಬ ಖಾತರಿ, ಈ ಪರೀಕ್ಷೆಯ ವಿಧಾನ, ಪ್ರತಿ ಕಾಲು ಗಂಟೆಯ ದಾಖಲೆ ಕಾಲೇಜಿಗೇ ಸೇರಬೇಕೆಂಬ ಷರತ್ತು, ಇವು ಖರೀದಿಯ ಆದೇಶದಲ್ಲಿಯೇ ಇರಲಿ. ಪರೀಕ್ಷೆಯನ್ನು ನಿಮ್ಮ ವಿಭಾಗವೇ ನಡೆಸಲಿ, ಮಾರಿದವರ ಪ್ರತಿನಿಧಿ ಎದುರಿಗೆ ನಿಂತು ಸಹಿ ಹಾಕಲಿ.